ದಂಡಿನ ಚರ್ಚುಗಳ ಮುಂದೆ 1947 ಎಂದು ಬರೆಯಿರಿ

ಬೆಂಗಳೂರಿನ ಟ್ರಿನಿಟಿ ವೃತ್ತದ ಹೋಲಿ ಟ್ರಿನಿಟಿ ಚರ್ಚು ಬ್ರಿಟಿಷ್ ದಂಡಿಗಾಗಿ ಕಟ್ಟಿದ್ದು, ಆಂಗ್ಲಿಕನ್ ಪದ್ಧತಿಯದು. ಅಲ್ಲಿಂದ ನಡೆದೇ ಹೋಗಬಹುದಾದ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ 1866ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನರಿಗೆಂದು ತೆರೆದದ್ದು. ಅವರು ಬಿಷಪರ ಅಧಿಕಾರವನ್ನೇ ಒಪ್ಪದವರು. ಒಂದೇ ಸೈನ್ಯ, ಒಂದೇ ರಾಣಿ, ಒಂದೇ ಬೈಬಲ್. ಭಾನುವಾರ ಮಾತ್ರ ಬೇರೆ ಬೇರೆ ಬಾಗಿಲು.

ಯುರೋಪಿನ ಅರಸರೂ ಪಂಡಿತರೂ ಶತಮಾನಗಟ್ಟಲೆ ಆಡಿದ ಜಗಳ ಹಡಗು ಹತ್ತಿ ಬಂದು ಹಲಸೂರು, ಶಿವಾಜಿನಗರದ ಮನೆಗಳಲ್ಲೂ ಕೂತಿತು. ವೆಸ್ಲಿಯನ್ ಮನೆಗೆ ಲಂಡನ್ ಮಿಷನ್ ಸಭೆಯ ಹುಡುಗಿ ಸೊಸೆಯಾಗಿ ಬಂದರೆ ಅವಳ ಹೆಸರು ಯಾವ ಸಭೆಯ ಪುಸ್ತಕದಲ್ಲಿ ಇರಬೇಕು ಎಂಬ ಮಾತು ಏಳುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದರು.

ಆ ಜಗಳವನ್ನು ಮುಗಿಸುವ ಕೆಲಸ ನಡೆದದ್ದು ನಮ್ಮಲ್ಲಿ. 1910ರಲ್ಲಿ ಹಲವು ಮಿಷನ್ನುಗಳು ಕೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು ತೆರೆದವು. ಬೇರೆ ಬೇರೆ ಸಭೆಗಳ ಹುಡುಗರು ಒಂದೇ ತರಗತಿಯಲ್ಲಿ ಕೂತು ಓದಿದರು. 1919ರಲ್ಲಿ ತರಂಗಂಬಾಡಿಯಲ್ಲಿ ಐಕ್ಯದ ಮಾತುಕತೆ ಶುರುವಾಯಿತು. ತೊಡಕು ದೊಡ್ಡದಿತ್ತು: ಬಿಷಪರ ಹಸ್ತದಿಂದ ದೀಕ್ಷೆ ಪಡೆಯದ ಅಯ್ಯನವರನ್ನು ಆಂಗ್ಲಿಕನರು ಒಪ್ಪುವುದು ಹೇಗೆ? 28 ವರ್ಷ ವಾದಿಸಿ ಒಂದು ದಾರಿ ಕಂಡುಕೊಂಡರು. ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದಲೇ. ಈಗಾಗಲೇ ಸೇವೆಯಲ್ಲಿ ಇರುವವರಿಗೆ ಮರುದೀಕ್ಷೆ ಬೇಡ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲ್ ಸಭೆಯವರು ಒಂದಾದರು.

ಇಂಗ್ಲೆಂಡಿಗೆ ಇದು ಸಾಧ್ಯವಾಗಲಿಲ್ಲ. ನಮ್ಮ ಸಭೆಯ ದೀಕ್ಷೆಗಳನ್ನು ಮಾನ್ಯ ಮಾಡುವ ಬಗ್ಗೆ 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರಿಗೆ ಒಮ್ಮತವೇ ಬರಲಿಲ್ಲ. ತಮ್ಮ ನಾಡಿನ ಮೆಥಡಿಸ್ಟರ ಜೊತೆ ಸೇರುವ ಯೋಜನೆಗೆ 1972ರಲ್ಲೂ ಅವರಿಗೆ ಬೇಕಾದಷ್ಟು ಮತ ಸಿಗಲಿಲ್ಲ. ಕಲಿಸಲು ಬಂದವರ ತಾಯ್ನಾಡು ಹೀಗೆ ಹಿಂದೆ ಉಳಿಯಿತು. ಆದರೂ ಆಧುನಿಕ ಕ್ರೈಸ್ತ ಇತಿಹಾಸ ಎಂದರೆ ಯುರೋಪು, ಅಮೆರಿಕದ ಕಥೆ ಎಂದೇ ಇಂದಿಗೂ ಓದಿಸುತ್ತೇವೆ. ನನಗೆ ಇದು ಸಹಿಸಲಾಗದ ಅನ್ಯಾಯ.

ಐಕ್ಯ ಪೂರ್ತಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಮಿಷನ್ನಿಂದ ಬೆಳೆದ ರಿಚ್ಮಂಡ್ ಟೌನಿನ ಮೆಥಡಿಸ್ಟ್ ಸಭೆ ಈಗಲೂ ಹೊರಗಿದೆ. ಒಳಗಿರುವ ನಾವು ಭಾಷೆ, ಜಾತಿ, ಆಸ್ತಿಗಾಗಿ ಕೋರ್ಟು ಹತ್ತುತ್ತೇವೆ. ಹಿರಿಯರು 28 ವರ್ಷ ಕೂತು ಮಾತಾಡಿದ್ದು ಗೊತ್ತಿದ್ದರೆ ಇಷ್ಟು ಬೇಗ ವಕೀಲರ ಮನೆಗೆ ಓಡುತ್ತಿರಲಿಲ್ಲ.

ವಾರಾಂತ್ಯದಲ್ಲಿ ಈ ಚರ್ಚುಗಳನ್ನು ನೋಡಲು ಬರುವ ಯುವಕರು ಗಾಥಿಕ್ ಕಮಾನು, ಸತ್ತ ಸೈನಿಕರ ಅಮೃತಶಿಲೆಯ ಫಲಕಗಳ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅವರು ಒಳಬರುವ ಬಾಗಿಲಲ್ಲೇ ಒಂದು ಫಲಕ ಇರಲಿ, ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಈ ಸಭೆ ಮೊದಲು ಯಾರದಾಗಿತ್ತು, ಈಗ ಯಾರ ಜೊತೆ ಒಂದಾಗಿದೆ ಎಂದು ಅದರಲ್ಲಿ ಬರೆದಿರಲಿ. ಭಾನುವಾರ ಶಾಲೆಯ ಮಕ್ಕಳಿಗೂ ಲೂಥರ್, ವೆಸ್ಲಿಯರ ಪಾಠದ ಜೊತೆಗೇ ಇದನ್ನೂ ಕಲಿಸಲಿ.