ಡೀಸೆಲ್ಲಿನ ಲೆಕ್ಕ ಮತ್ತು ನಮ್ಮ ತೆರಿಗೆ

ಅಮೆರಿಕಕ್ಕೆ ಬಂದವರ ಸಂಬಳದಿಂದ ಫೆಡರಲ್ ತೆರಿಗೆ ಮೊದಲ ತಿಂಗಳೇ ಕಡಿತವಾಗುತ್ತದೆ. ಅಲ್ಲಿನ ಸಂಸತ್ತಿಗೆ ಮತ ಹಾಕಲು ಮಾತ್ರ ಪೌರತ್ವ ದೊರೆಯುವವರೆಗೆ ಕಾಯಬೇಕು. ಇಂಥ ತೆರಿಗೆಯ ಹಣವೇ ಒಂದು ಕಾಲದಲ್ಲಿ ಅಫ್ಘಾನ್ ಸೇನೆಯ ವಾಹನಗಳಿಗೂ ಜನರೇಟರುಗಳಿಗೂ ಇಂಧನ ತುಂಬಿಸಿತು. 2006ರ ಅಕ್ಟೋಬರಿನಿಂದ 2011ರ ಫೆಬ್ರುವರಿವರೆಗಿನ ಸುಮಾರು 47.5 ಕೋಟಿ ಡಾಲರ್ ಇಂಧನ ಪಾವತಿಯ ಕಡತಗಳನ್ನು ಚೂರುಮಾಡಲಾಗಿದೆಯೆಂದು 2012ರಲ್ಲಿ ವರದಿ ಮಾಡಿದ್ದು 'ಸಿಗಾರ್'; ಅಫ್ಘಾನಿಸ್ತಾನದ ಮರುನಿರ್ಮಾಣ ವೆಚ್ಚದ ಮೇಲೆ ಕಣ್ಣಿಡಲು ಅಮೆರಿಕ ಸಂಸತ್ತು 2008ರಲ್ಲಿ ರಚಿಸಿದ ಕಚೇರಿ.

'ಅಲ್ಲಿ ಭ್ರಷ್ಟಾಚಾರವೇ ಇಲ್ಲವಂತೆ?' ಎಂದು ಊರಿನ ಬಂಧುಗಳು ಕೇಳುವುದುಂಟು. ಇದೆ. (ಕದ್ದ ಡೀಸೆಲ್ಲಿಗೆ ಗಿರಾಕಿ ಎಲ್ಲಿಲ್ಲ?) ತನ್ನದೇ ಸೇನಾಧಿಕಾರಿಗಳ ಲೋಪವನ್ನು ಸರ್ಕಾರದ ಕಚೇರಿಯೇ ಅಚ್ಚುಹಾಕಿ ಎಲ್ಲರ ಮುಂದಿಡುತ್ತದೆ, ಅಷ್ಟೇ ವ್ಯತ್ಯಾಸ. ಅದು ಸಣ್ಣದಲ್ಲ. ಆದರೂ ಇಂಧನದ ಬಜೆಟ್ ತಗ್ಗಿಸಿರೆಂದು ಸಲಹೆ ಕೊಡಲಷ್ಟೇ ಸಿಗಾರ್‌ಗೆ ಅಧಿಕಾರವಿತ್ತು. ಪಾವತಿಯನ್ನು ತಡೆಯಲು ಇರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.