ಮನೆಗೆ ರಿವಾಲ್ವರೋ, ಪಿಸ್ತೂಲೋ?



ಗೋದಾಮಿಗೆ ಅಡಿಕೆ ತಂದ ದಿನ ಮಾತು ಎಲ್ಲಿಂದ ಎಲ್ಲಿಗೋ ಹೋಗುವುದು ವಾಡಿಕೆ. ಈಚೆಗೆ ಮಳವಳ್ಳಿ ಕಡೆಯ ಇಬ್ಬರು ಬೆಳೆಗಾರರು ನನ್ನನ್ನು ಪಕ್ಕಕ್ಕೆ ಕರೆದು, "ಲೈಸೆನ್ಸಿಗೆ ಅರ್ಜಿ ಹಾಕಬೇಕು ಅಂತಿದ್ದೀವಿ. ರಿವಾಲ್ವರ್ ಒಳ್ಳೇದೋ, ಪಿಸ್ತೂಲ್ ಒಳ್ಳೇದೋ?" ಎಂದು ಕೇಳಿದರು. ಹಲವು ವರ್ಷಗಳಿಂದ ಕೋವಿ ಇಟ್ಟುಕೊಂಡವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕೇಳಿದ್ದು. ಅಲ್ಲಿ ನಿಂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಅವರ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಊರು ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡವರು ಬಹಳ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದಾರೆ. ಮನೆಯಲ್ಲಿ ಮುದುಕ ಮುದುಕಿ, ಅಟ್ಟದಲ್ಲಿ ಅಡಿಕೆ, ಕೊಬ್ಬರಿ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಇರುವುದಿಲ್ಲ.

ನಮ್ಮಂಥವರಿಗೆ ಸಾಮಾನ್ಯವಾಗಿ ಸಿಗುವ ದೇಶೀ ಕೈಬಂದೂಕುಗಳು ಎರಡೇ ಬಗೆ: ಕಾನ್ಪುರದ .32 ರಿವಾಲ್ವರು ಮತ್ತು ಅಶನಿ ಎಂಬ ಹೆಸರಿನ .32 ಪಿಸ್ತೂಲು. ಎರಡೂ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಸರಕು. ಆ ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಿಂದ ಕಂಪನಿಗಳಾಗಿ ವಿಂಗಡಿಸಲಾಗಿದೆ. ಎರಡಕ್ಕೂ .32 ಎಂದೇ ಹೆಸರಿದ್ದರೂ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ರಿವಾಲ್ವರಿನ ತೋಟಾ ಉದ್ದನೆಯದು, ಬುಡದಲ್ಲಿ ಅಂಚು ಇರುತ್ತದೆ, ಪಿಸ್ತೂಲಿನದು ಗಿಡ್ಡ. ಕೊಳ್ಳುವಾಗ ಇದನ್ನು ಬಾಯಿಬಿಟ್ಟು ಕೇಳಿ ತೆಗೆದುಕೊಳ್ಳಬೇಕು.

ರಿವಾಲ್ವರಿನಲ್ಲಿ ಆರು ತೋಟಾ ಹಿಡಿಯುವ ಉರುಳೆ ಇದೆ. ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಉರುಳೆಯ ಹಿಂಬದಿ ಪೂರಾ ತೆರೆದುಕೊಳ್ಳುತ್ತದೆ. ತುಂಬಿದೆಯೋ ಖಾಲಿಯೋ ಎಂಬುದು ಕನ್ನಡಕ ಹಾಕುವ ಕಣ್ಣಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ತೋಟಾ ಸಿಡಿಯದೆ ಹೋದರೆ ಟ್ರಿಗರನ್ನು ಇನ್ನೊಮ್ಮೆ ಎಳೆದರಾಯಿತು, ಮುಂದಿನ ತೋಟಾ ತಾನಾಗಿ ಬರುತ್ತದೆ. ಟ್ರಿಗರ್ ಗಟ್ಟಿ, ಹಾಗಾಗಿ ಗುರಿ ಅಲುಗುತ್ತದೆ ಎಂಬ ದೂರು ಉಂಟು. ಅದು ನಿಜವೇ. ಆದರೆ ಮನೆಯಲ್ಲಿ ಇಡುವ ಆಯುಧಕ್ಕೆ ಟ್ರಿಗರ್ ಗಟ್ಟಿ ಇರುವುದು ಕೆಟ್ಟದ್ದೆಂದು ನಾನು ಒಪ್ಪುವುದಿಲ್ಲ.

ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಉಬ್ಬುವುದಿಲ್ಲ, ತೋಟಾ ಹೆಚ್ಚು ಹಿಡಿಯುತ್ತದೆ, ತುಂಬುವುದು ಬೇಗ. ಗುರಿ ಮೈದಾನದಲ್ಲಿ ಹೊಡೆಯಲು ನನಗೂ ಅದೇ ಇಷ್ಟ. ಆದರೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಜಗ್ಗಲು ಕೈಯಲ್ಲಿ ಕಸುವು ಬೇಕು. ಗುದ್ದಲಿ ಹಿಡಿದು ಬೆರಳಗಂಟು ಊದಿದ ಅರವತ್ತರ ಕೈಗಳಿಗೆ ಅದು ಸುಲಭವಲ್ಲ. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಹಿಡಿಯಿಂದ ಮ್ಯಾಗಜೀನನ್ನು ಹೊರಗೆಳೆದರೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ತಂಗಿಯ ಗಂಡ ಪಿಸ್ತೂಲು ತಂದ ಹೊಸತರಲ್ಲಿ ನಡುಮನೆಯಲ್ಲಿ ಕೂತು ನನಗೆ ತೋರಿಸುತ್ತಿದ್ದ. "ಯಾಕೆ ಆ ಕಡೆ ತಿರುಗಿಸ್ತೀಯ?" ಎಂದು ಕೇಳಿದೆ. "ಖಾಲಿ ಕಣ್ ಬುಡಿ ಭಾವ, ಮ್ಯಾಗಜೀನ್ ತೆಗ್ದಿವ್ನಲ್ಲ" ಎಂದ. ಮಾತು ಮುಗಿಯುವ ಮೊದಲೇ ಗುಂಡು ಹಾರಿ, ರಾಗಿ ಮೂಟೆ ತೂರಿ ಗೋಡೆಗೆ ಹೊಕ್ಕಿತು. ಮೂಟೆಯ ಪಕ್ಕದಲ್ಲಿ, ಒಂದು ಮಾರು ದೂರವೂ ಇಲ್ಲ, ಮೊಮ್ಮಗು ಬುಗುರಿಗೆ ಹುರಿ ಸುತ್ತುತ್ತಾ ಕೂತಿತ್ತು. ಮಗುವಿಗೆ ಏನೂ ಆಗಲಿಲ್ಲ. ನನ್ನ ತಂಗಿ ಮಾತ್ರ ಎರಡು ದಿನ ಗಂಡನ ಸಂಗಡ ಮಾತಾಡಲಿಲ್ಲ, ಮೂರನೆಯ ದಿನ ಆಡಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆದ್ದರಿಂದ ಎರಡರಲ್ಲಿ ಒಂದು ಎಂದು ಹಟ ಹಿಡಿದರೆ ನನ್ನ ಮತ ರಿವಾಲ್ವರಿಗೆ. ಆದರೆ ತೋಟದ ಮನೆಯವನಿಗೆ ಈ ಎರಡೂ ಬೇಡ, ಎರಡು ನಳಿಗೆಯ 12 ಬೋರ್ ಕೋವಿಯೇ ಸಾಕು ಎಂಬುದು ನನ್ನ ಖಂಡಿತ ಅಭಿಪ್ರಾಯ. ಅದನ್ನು ಮಡಚಿದರೆ ಎರಡು ನಳಿಗೆಯಲ್ಲೂ ಬೆಳಕು ಕಾಣುತ್ತದೆ. ಉದ್ದವಾದ್ದರಿಂದ ಮಕ್ಕಳ ಕೈಗೆ ಗುಟ್ಟಾಗಿ ಸೇರುವಂಥದ್ದಲ್ಲ. ಜಗುಲಿಯಲ್ಲಿ ಹಿಡಿದು ನಿಂತರೆ ಗೇಟಿನಿಂದಲೇ ಕಾಣುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಕೈಬಂದೂಕಿನಿಂದ ಗಾಬರಿಯಲ್ಲಿ, ಕತ್ತಲಲ್ಲಿ, ಹತ್ತು ಹೆಜ್ಜೆ ಆಚೆ ಗುರಿ ಹಿಡಿಯುವುದು ಅಭ್ಯಾಸ ಇದ್ದವರಿಗೂ ಕಷ್ಟ. ಅಭ್ಯಾಸಕ್ಕೆ ಬೇಕಾದಷ್ಟು ತೋಟಾ ಕೊಳ್ಳೋಣವೆಂದರೆ ಲೈಸೆನ್ಸಿನಲ್ಲಿ ಬರೆದ ಲೆಕ್ಕಕ್ಕಿಂತ ಒಂದೂ ಹೆಚ್ಚು ಸಿಗದು.

ಕಾನೂನಿನ ದಾರಿಯೂ ಕೋವಿಯ ಕಡೆಗೇ ಸಲೀಸು. 1959ರ ಆಯುಧ ಕಾಯ್ದೆಯ 13ನೇ ಕಲಮು ಓದಿ ನೋಡಿ. ರಕ್ಷಣೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ಅದು ಬೇರೆಯಾಗಿ ಹೆಸರಿಸಿದೆ. ಬೆಳೆ ಕಾಯಲು ಮದ್ದು ಗಿಡಿಯುವ ಕೋವಿ ಸಾಲದೆಂದು ಅಧಿಕಾರಿಗೆ ಕಂಡರೆ ಈ ನುಣುಪು ನಳಿಗೆಯ ಕೋವಿಯನ್ನೇ ಕೊಡಬಹುದು ಎಂದಿದೆ. ಕೈಬಂದೂಕಾದರೆ ತಕ್ಕ ಕಾರಣ ಇದೆಯೆಂದು ಜಿಲ್ಲಾಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಕೊಡಗಿನ ನೆಂಟರನ್ನು ನೋಡಿ ನಾವು ಹೋಲಿಸಿಕೊಳ್ಳುವಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಮಂಡ್ಯ ಜಿಲ್ಲೆಗೆ ಇಲ್ಲ.

ಚಿರತೆ, ಆನೆಗೆ ಎಂದು ಕೇಳಿದವರೂ ಇದ್ದಾರೆ. ಕಬ್ಬಿನ ಗದ್ದೆಯ ಚಿರತೆಗೂ ಮುತ್ತತ್ತಿ ಕಡೆಯ ಕಾಡಿನ ಆನೆಗೂ .32 ಗುಂಡು ಸಿಟ್ಟು ಬರಿಸಬಹುದು, ಅಷ್ಟೇ. 1972ರ ವನ್ಯಜೀವಿ ಕಾಯ್ದೆಯ ಮೊಕದ್ದಮೆ ಬೇರೆ.

ಮಕ್ಕಳಿಗೆ ಗುರಿ ಅಭ್ಯಾಸದ ಆಸೆ ಇದ್ದರೆ ಮನೆಯ ಆಯುಧದಿಂದ ಮಾಡಿಸಬೇಡಿ. ಅದಕ್ಕೆ ಏರ್ ಪಿಸ್ತೂಲು ಇದೆ. 4.5 ಮಿಲಿಮೀಟರ್ ಬೋರಿನ, 20 ಜೌಲಿಗೆ ಮೀರದ ಏರ್ ಪಿಸ್ತೂಲಿಗೆ 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸು ಬೇಕಿಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದೂ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದೂ ಹತ್ತು ಮೀಟರಿನ ಏರ್ ಪಿಸ್ತೂಲಿನಿಂದಲೇ.

ಇನ್ನು ಅರ್ಜಿಯ ಮಾತು. 2019ರ ತಿದ್ದುಪಡಿಯಂತೆ ಲೈಸೆನ್ಸಿನ ಅವಧಿ ಮೂರರ ಬದಲು ಐದು ವರ್ಷ. ಒಬ್ಬರಿಗೆ ಮೂರರ ಬದಲು ಎರಡೇ ಆಯುಧ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅರ್ಜಿಗೆ ಮುಂಚೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ಮಾಡಿಸಿ. ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದನ್ನು ಮನೆಯ ಹೆಂಗಸರನ್ನು ಕೂರಿಸಿಕೊಂಡು ತೀರ್ಮಾನಿಸಿ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಡಲು ಕರೆ ಬರುತ್ತದೆ. ಆ ರಸೀತಿಯನ್ನು ಜೋಪಾನ ಮಾಡಿ. ನಾನು ಒಮ್ಮೆ ಕಳೆದುಕೊಂಡು ಕೋವಿ ವಾಪಸು ಪಡೆಯಲು ನಾಲ್ಕು ಸಲ ತಿರುಗಿದ್ದೇನೆ.