ಜಾಗ ಮಾರುವಾಗ ಪರವೂರಿನ ವಕೀಲರು



ಅಡಿಕೆ ತೋಟದ ಮಣ್ಣು ನೋಡಲು ಹೋದವನನ್ನು ಚಾವಡಿಯಲ್ಲಿ ಕುಳ್ಳಿರಿಸಿ, ನೀರು ಬೆಲ್ಲ ಕೊಟ್ಟು, ಆಮೇಲೆ ಜಾಗದ ಕಾಗದಪತ್ರಗಳ ಕಟ್ಟನ್ನು ಬಿಚ್ಚುವುದು ನಮ್ಮ ಕಡೆ ಹೊಸತಲ್ಲ. ಈಚಿನ ವರ್ಷಗಳಲ್ಲಿ ಇದು ಹೆಚ್ಚಾಗಿದೆ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ನೆಲೆಸಿದ್ದಾರೆ. ಹಳೆಯ ಮನೆ, ಹಿತ್ತಿಲು ನೋಡಿಕೊಳ್ಳುವವರಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ದೂರದ ಖರೀದಿದಾರರೂ ಬರುತ್ತಿದ್ದಾರೆ. ಆಗ ಕೇಳುವ ಪ್ರಶ್ನೆ ಒಂದೇ: "ಮಗ ಬೆಂಗಳೂರಿನಲ್ಲಿ ಒಬ್ಬ ವಕೀಲರನ್ನು ಗೊತ್ತುಮಾಡಿದ್ದಾನೆ. ಅವರು ಸಾಕೇ, ಇಲ್ಲಿಯವರೇ ಬೇಕೇ?"

ನಾನು ಬೇಸಾಯಶಾಸ್ತ್ರದವನು, ಕಾನೂನು ಓದಿದವನಲ್ಲ. ಆದರೂ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅದಕ್ಕೆ ನಮ್ಮ ಮನೆಯವರು ಬೆಲೆಯನ್ನೂ ತೆತ್ತಿದ್ದೇವೆ.

ಪರವೂರಿನ ವಕೀಲರ ಪರವಾಗಿ ಹೇಳತಕ್ಕದ್ದು ಇದೆ. ಕಾನೂನಿನಲ್ಲಿ ಅಡ್ಡಿಯಿಲ್ಲ, ಸನದು ಪಡೆದ ವಕೀಲರು ದೇಶದ ಎಲ್ಲಿಯ ಜಾಗದ ಪತ್ರವನ್ನಾದರೂ ನೋಡಿ ಅಭಿಪ್ರಾಯ ಕೊಡಬಹುದು. ಆರ್.ಟಿ.ಸಿ., ಋಣಭಾರ ಪತ್ರಗಳು ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮ ಸಣ್ಣ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ದಲಾಲಿ ಕರೆತಂದ ವಕೀಲರೇ ಕೊಳ್ಳುವವರ ಪತ್ರವನ್ನೂ ನೋಡುತ್ತಾರೆ, ಮಾರುವವರಿಗೂ "ಚಿಂತೆ ಮಾಡಬೇಡಿ" ಎನ್ನುತ್ತಾರೆ. ನೆರೆಯವರ ಬೇಲಿ ತಕರಾರಿನ ದಾವೆಯೂ ಅವರ ಕೈಯಲ್ಲೇ ಇರಬಹುದು. ಹೀಗಿರುವಾಗ ಹೊರಗಿನವರನ್ನು ಹುಡುಕುವುದು ತಪ್ಪಲ್ಲ, ಬುದ್ಧಿವಂತಿಕೆಯೇ ಸರಿ.

ಇದನ್ನೇ ನಂಬಿ, ಸುಮಾರು ಹತ್ತು ವರ್ಷಗಳ ಹಿಂದೆ ಕಾರ್ಕಳದ ಹತ್ತಿರದ ನಮ್ಮ ತಂದೆಯ ಕಾಲದ ಮನೆಯನ್ನು ಮಾರಲು ಅಣ್ಣ ಮುಂಬಯಿಯ ವಕೀಲರೊಬ್ಬರನ್ನು ನೇಮಿಸಿದರು. ಪ್ರಾಮಾಣಿಕರು, ಚುರುಕಿನವರು. ಕರಾರು ಪತ್ರದಲ್ಲಿ ಅವರು "ಬೇಲಿಯೊಳಗಿನ ಸಮಸ್ತ ಭೂಮಿ" ಎಂದು ಬರೆದರು. ಬೇಲಿಯೊಳಗೆ ಎರಡು ಎಕರೆಗೂ ಮಿಕ್ಕಿ ಇತ್ತು, ನಿಜ. ಆದರೆ ವರ್ಗ ಜಾಗ 90 ಸೆಂಟ್ಸ್ ಮಾತ್ರ, ಉಳಿದದ್ದು ಕುಮ್ಕಿ.

ಕುಮ್ಕಿ ಏನೆಂದು ತಮಗೆ ಹೇಳಬೇಕಾಗಿಲ್ಲ. ಹಟ್ಟಿಗೆ ಸೊಪ್ಪು, ಗದ್ದೆಗೆ ಹಸಿರೆಲೆ, ಒಲೆಗೆ ಸೌದೆ ಒದಗಲೆಂದು ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಕೃಷಿಕನಿಗೆ ಕೊಟ್ಟ ಸವಲತ್ತು ಅದು. ಮದ್ರಾಸ್ ಸರಕಾರದ ಕಾಲದಿಂದ ಬಂದದ್ದನ್ನು 1964ರ ಭೂಕಂದಾಯ ಕಾಯ್ದೆಯೂ ಉಳಿಸಿಕೊಂಡಿದೆ. ಬೇಸಾಯದ ದೃಷ್ಟಿಯಿಂದ ಇದು ಬಹಳ ವಿವೇಕದ ಏರ್ಪಾಡು. ಮುರಕಲ್ಲಿನ ನೆಲದಲ್ಲಿ ಮಳೆಗೆ ಸಾರ ಕೊಚ್ಚಿಹೋಗುವಾಗ ಸೊಪ್ಪಿನ ಗೊಬ್ಬರವಿಲ್ಲದೆ ಮಜಲು ಗದ್ದೆ ಬೆಳೆಯುವುದು ಕಷ್ಟ. ಆದರೆ ಅದು ಸವಲತ್ತು, ಒಡೆತನವಲ್ಲ. ನಾಲ್ಕು ತಲೆಮಾರು ಬೇಲಿ ಹಾಕಿ ಗೇರು ನೆಟ್ಟರೂ ಅದನ್ನು ಸ್ವಂತ ಜಾಗವೆಂದು ಮಾರುವಂತಿಲ್ಲ. ಮುಂಬಯಿಯ ವಕೀಲರಿಗೆ ಆ ಶಬ್ದವೇ ಹೊಸತು.

ಮುಂಗಡ ಪಡೆದಾದ ಮೇಲೆ ಕೊಳ್ಳುವವರ ಕಡೆಯವರು ಇದನ್ನು ಎತ್ತಿದರು. ಬೆಲೆ ಸೆಂಟ್ಸಿನ ಲೆಕ್ಕದಲ್ಲಿ ಆಗಿತ್ತು. ಅವರು ಕ್ರಯಪತ್ರ ಮಾಡಿಸಿಕೊಳ್ಳಲೂ ಇಲ್ಲ, ಕರಾರು ಬಿಟ್ಟುಕೊಡಲೂ ಇಲ್ಲ. ಮಾರಲಿರುವ ಮನೆಗೆ ಹೆಂಚು ಹೊದಿಸುವವರಾರು? ಅಮ್ಮ ಎರಡು ಮಳೆಗಾಲ ಸೋರುವ ಮಾಡಿನ ಕೆಳಗೆ ಕಳೆದರು. ಕೊನೆಗೆ ಬೆಲೆ ಇಳಿಸಿ ಮುಗಿಸಿದೆವು.

"ಪತ್ರ ನೋಡಿಕೊಳ್ಳುವುದು ಕೊಳ್ಳುವವರ ಹಣೆಬರಹ, ಮಾರುವವರಿಗೇನು" ಎನ್ನುವವರಿದ್ದಾರೆ. ಅದು ಸರಿಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ತನಗೆ ಗೊತ್ತಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಹಕ್ಕಿನ ದೋಷವನ್ನು ಮಾರುವವನು ತಿಳಿಸಲೇಬೇಕು. ಇಷ್ಟಲ್ಲದೆ, ಕ್ರಯಪತ್ರದಲ್ಲಿ "ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇನೆ" ಎಂಬ ವಾಕ್ಯಕ್ಕೆ ತಾವು ರುಜು ಹಾಕುತ್ತೀರಿ.

ನಮ್ಮ ಜಿಲ್ಲೆಯ ಪತ್ರಗಳು ಘಟ್ಟದ ಮೇಲಿನವುಗಳಂತಲ್ಲ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಅಡಂಗಲ್, ಪಟ್ಟೆ, ವರ್ಗ ಎಂಬ ಮಾತುಗಳು ಅಲ್ಲಿಂದ ಉಳಿದವು. ನಮ್ಮದು ಎಕರೆ, ಸೆಂಟ್ಸ್; ಘಟ್ಟದ ಮೇಲೆ ಎಕರೆ, ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. 25 ಸೆಂಟ್ಸನ್ನು 25 ಗುಂಟೆ ಎಂದು ಓದಿದರೆ ಜಾಗ ಕಾಗದದ ಮೇಲೆ ಎರಡೂವರೆ ಪಟ್ಟಾಯಿತು.

ಉಡುಪಿ ಪೇಟೆಯ ಹಳೆಯ ಮನೆಗಳಲ್ಲಿ ಕೆಲವು ಮೂಲಗೇಣಿ ಹಕ್ಕಿನವು. ಅಂಥಲ್ಲಿ ಮನೆ ನಮ್ಮದಾದರೂ ನೆಲದ ಮೂಲಿ ಹಕ್ಕು ಬೇರೆಯವರದು. ಇವರಿಗಾಗಿಯೇ 2011ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಹಳ್ಳಿಯಲ್ಲಾದರೆ ಡಿಕ್ಲರೇಶನ್ ಆದ ಜಾಗ. 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರಕಾರದಲ್ಲಿ ನಿಹಿತವಾಗಿ, ನಮೂನೆ 7ರ ಅರ್ಜಿಯ ಮೇಲೆ ಅಧಿಭೋಗದ ಹಕ್ಕು ಬಂತು. ಟ್ರಿಬ್ಯೂನಲ್ಲಿನ ಅಂತಿಮ ಆದೇಶದಿಂದ 15 ವರ್ಷ ಪರಭಾರೆಗೆ ನಿರ್ಬಂಧವಿದ್ದುದರಿಂದ, ತಕರಾರಿನಲ್ಲಿ ಆದೇಶ ತಡವಾದ ಕಡೆ ಈ ಲೆಕ್ಕ ನೋಡಲೇಬೇಕು. ಅಳಿಯಸಂತಾನದ ಮನೆತನಗಳಲ್ಲಿ 1949ರ ಕಾಯ್ದೆಯಂತೆ ಆದ ಪಾಲುಪಟ್ಟಿಯಲ್ಲಿ ನಿಸ್ಸಂತತಿ ಕವರಿಗೆ ಕೆಲವು ಸಂದರ್ಭಗಳಲ್ಲಿ ಜೀವಿತಾವಧಿಯ ಹಕ್ಕು ಮಾತ್ರ ಬಂದಿರುತ್ತದೆ. ಮಾವನ ಪಾಲಿನ ಮನೆಯನ್ನು ಮಾರಹೊರಟವರು ಇದನ್ನು ಮೊದಲೇ ನೋಡಿಸತಕ್ಕದ್ದು. ಕಾಪುವಿನ ಕಡಲ ಬದಿಯಲ್ಲಿ ಕರಾವಳಿ ವಲಯದ ನಿಯಮಗಳಿವೆ. ಹಿತ್ತಿಲಿನಲ್ಲಿ ನಾಗಬನವಿದ್ದರೆ, ನಾಗರಪಂಚಮಿಗೆ ತನು ಎರೆಯಲು ಬರುವ ಕುಟುಂಬದವರ ದಾರಿಯನ್ನು ಪತ್ರದಲ್ಲಿ ಬರೆಯದೆ ಬಿಟ್ಟರೆ ಜಗಳ ನಿಶ್ಚಿತ.

ಮಣಿಪಾಲದ ಫ್ಲ್ಯಾಟಿಗೆ ಇಷ್ಟೆಲ್ಲ ಬೇಕಾಗಲಾರದು. ಅದರ ಇತಿಹಾಸ ಗಿಡ್ಡ, ಪತ್ರಗಳು ಸಾಮಾನ್ಯವಾಗಿ ಎಲ್ಲ ಕಡೆಯಂತೆ. ಬೆಂಗಳೂರಿನ ವಕೀಲರು ಧಾರಾಳವಾಗಿ ಸಾಕು.

ಹಾಗಾದರೆ ಮನೆ, ಹಿತ್ತಿಲಿರುವವರು ಯಾರನ್ನು ಹಿಡಿಯಬೇಕು? ನಮ್ಮ ಗದ್ದೆಗಳಲ್ಲಿ ಬೆಳೆಯುವ ಎಂ.ಓ.-4 ಭತ್ತ ಕೇರಳದ ಮೊಂಕೊಂಬಿನದು. ಪರವೂರಿನ ತಳಿಯೆಂದು ಯಾರೂ ಬಿಡಲಿಲ್ಲ. ಅಲ್ಲಿಯೂ ಇಲ್ಲಿಯಂತೆ ಕೆಂಪಕ್ಕಿ, ಇಲ್ಲಿಯಂತೆ ಜಡಿಮಳೆ. ಹಾಗೆಯೇ ವಕೀಲರ ಕಚೇರಿ ಎಷ್ಟು ಮೈಲಿ ದೂರ ಎಂಬುದಕ್ಕಿಂತ, ಅವರು ಈ ಸೀಮೆಯ ಪತ್ರಗಳನ್ನು ಓದಿದವರೇ ಎಂಬುದು ಮುಖ್ಯ. ಕಾರ್ಕಳದ ಜಾಗಕ್ಕೆ ಕುಂದಾಪುರದವರು, ಕಾಪುವಿನ ಜಾಗಕ್ಕೆ ಮಂಗಳೂರು ಅಥವಾ ಪುತ್ತೂರಿನವರು ಆಗಬಹುದು. ದಲಾಲಿಯ ಹಂಗಿಲ್ಲದವರು, ಕುಮ್ಕಿ ಬಲ್ಲವರು. ಕೊಳ್ಳುವವರ ವಕೀಲರನ್ನೇ ತಾವೂ ನೆಚ್ಚಕೂಡದು. ಬ್ಯಾಂಕಿನ ವಕೀಲರು ಬ್ಯಾಂಕಿನವರೇ.

ಮಗನ ಮಾತನ್ನು ಮೀರಲಾಗದಿದ್ದರೆ ಬೆಂಗಳೂರಿನವರು ಕರಾರು ಬರೆಯಲಿ, ಆದರೆ ಮುಂಗಡ ಮುಟ್ಟುವ ಮೊದಲು ಇಲ್ಲಿಯ ಒಬ್ಬರಿಂದ ಹಕ್ಕಿನ ಬಗ್ಗೆ ಲಿಖಿತ ಅಭಿಪ್ರಾಯ ಪಡೆಯಿರಿ. ಶುಲ್ಕ ಎರಡಾಗುತ್ತದೆ. ನಮಗೆ ಕಳೆದುಹೋದ ಮೊತ್ತದ ಮುಂದೆ ಅದು ಲೆಕ್ಕಕ್ಕಿಲ್ಲ. ವಿದೇಶದಲ್ಲಿರುವ ಮಕ್ಕಳ ರುಜು ಬೇಕಾದಲ್ಲಿ, ಅವರು ಕಳುಹಿಸುವ ಅಧಿಕಾರಪತ್ರಕ್ಕೆ ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದೂ ನೆನಪಿರಲಿ.

ವಕೀಲರನ್ನು ಮೊದಲ ಸಲ ಕಾಣುವಾಗ ಒಂದು ಪ್ರಶ್ನೆ ಕೇಳಿ ನೋಡಿ: "ನಮ್ಮ ಬೇಲಿಯೊಳಗಿನ ಕುಮ್ಕಿಯನ್ನು ಪತ್ರದಲ್ಲಿ ಹೇಗೆ ಬರೆಯುತ್ತೀರಿ?" ವರ್ಗ ಜಾಗವನ್ನಷ್ಟೇ ಅಳತೆ ಸಹಿತ ಮಾರಾಟಕ್ಕೆ ಬರೆದು, ಕುಮ್ಕಿಯನ್ನು ಅದಕ್ಕೆ ಹೊಂದಿದ ಸವಲತ್ತೆಂದು ಬೇರೆಯಾಗಿ ನಮೂದಿಸುತ್ತೇವೆ ಎಂದರೆ ಕಾಗದದ ಕಟ್ಟನ್ನು ಅವರ ಮೇಜಿನ ಮೇಲೆ ಬಿಚ್ಚಬಹುದು. "ಕುಮ್ಕಿ ಎಂದರೇನು?" ಎಂದು ಅವರೇ ಕೇಳಿದರೆ, ಬಿಚ್ಚದೆ ಎದ್ದು ಬನ್ನಿ.